ಗುಡ್ಡಕ್ಕೆ ಹೋಗೂಣು, ಆದ್ರೆ ನಾಯಿ ಎಲ್ಲಿತನಕ?

ಚಳಿ ಶುರುವಾಯ್ತು ಅಂದ್ರೆ ನಮ್ಮ ವಾಟ್ಸ್ಆಪ್ ಗ್ರೂಪ್‌ಗಳ ಹೆಸರು ಬದಲಾಗ್ತವೆ. ನಿನ್ನೆ ತನಕ "ಮ್ಯಾಥ್ಸ್ ಇಂಪಾರ್ಟೆಂಟ್" ಅಂತ ಇದ್ದದ್ದು ಇವತ್ತು "ಟ್ರಿಪ್ ಪಕ್ಕಾ" ಆಗಿರುತ್ತೆ. ಇದರಲ್ಲಿ ತಪ್ಪೇನಿಲ್ಲ. ಕಲಬುರಗಿ ಜಿಲ್ಲೆಯವರಿಗೆ ಹೊರಗೆ ತಿರುಗಾಡೋಕೆ ಇರೋದೇ ಈ ಎರಡು-ಎರಡೂವರೆ ತಿಂಗಳು. ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲು. ಮಳೆಗಾಲದಲ್ಲಿ ಕರಿಮಣ್ಣು ಚಪ್ಪಲಿಗೆ ಹತ್ತಿದ್ರೆ ಬಿಡಲ್ಲ. ಉಳಿದದ್ದು ಚಳಿಗಾಲ.

ಅದರಲ್ಲೂ ಕೋಡ್ಲಾ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡೆಯವರಿಗೆ ಗುಡ್ಡ ಅನ್ನೋದೇ ಒಂದು ಆಸೆ. ನಮ್ಮದು ಸುಣ್ಣದಕಲ್ಲಿನ ಸಪಾಟ ನೆಲ. ಇಲ್ಲಿ ಎತ್ತರ ಅಂದ್ರೆ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ, ಇಲ್ಲಾಂದ್ರೆ ಗಣಿಯಿಂದ ತೆಗೆದು ಹಾಕಿದ ಮಣ್ಣಿನ ದಿಬ್ಬ. ಹಂಗಾಗಿ ಚಿಂಚೋಳಿ ಕಡೆ ಹೋಗಿ ಸ್ವಲ್ಪ ಏರಿಳಿತ, ಸ್ವಲ್ಪ ಕಾಡು ಕಂಡ್ರೂ ಸಾಕು, ನಮಗೆ ಮಡಿಕೇರಿ ನೋಡಿದಷ್ಟು ಖುಷಿ.

ಈ ಸಲದ ಚರ್ಚೆಯಲ್ಲಿ ಹೊಸದೊಂದು ಸೇರಿಕೊಂಡಿದೆ. "ನಮ್ ನಾಯಿಗೂ ಕರ್ಕೊಂಡು ಹೋಗಮು" ಅಂತ. ಒಬ್ಬರ ಮನೆಯಲ್ಲಿ ಲ್ಯಾಬ್ರಡಾರ್ ಇದೆ, ಇನ್ನೊಬ್ಬರ ಹೊಲದಲ್ಲಿ ಎರಡು ನಾಟಿ ನಾಯಿ ಇವೆ. ಮಂಜಿನ ಬೆಟ್ಟದ ಮೇಲೆ ನಾಲ್ಕು ದೋಸ್ತರು, ಅವರ ಪಕ್ಕ ನಾಲಿಗೆ ಚಾಚಿ ಕೂತ ನಾಯಿ ಇರೋ ರೀಲ್ಸ್‌ಗಳನ್ನು ಎಲ್ಲರೂ ನೋಡಿದ್ದೀವಿ. ಅದನ್ನ ನೋಡಿದ ಮೇಲೆ ಆಸೆ ಆಗೋದು ಸಹಜ.

ನಮ್ಮ ಅಭಿಪ್ರಾಯವನ್ನ ಮೊದಲೇ ಹೇಳಿಬಿಡ್ತೀವಿ. ನಾಯಿ ಜೊತೆ ಬರಬೇಕು ಅಂದ್ರೆ ಕಾಡಿನ ಗುಡ್ಡ ಬಿಡಬೇಕು. ಕಾಡಿನ ಗುಡ್ಡವೇ ಬೇಕು ಅಂದ್ರೆ ನಾಯಿಯನ್ನ ಮನೆಯಲ್ಲಿ ಬಿಡಬೇಕು. ಎರಡೂ ಚೆನ್ನಾಗಿರೋ ಟ್ರಿಪ್‌ಗಳೇ. ಎರಡನ್ನೂ ಒಂದೇ ದಿನ ಸೇರಿಸಬಾರದು, ಅಷ್ಟೇ.

ಇದನ್ನ ಕೇಳಿದ ಕೂಡಲೇ ಕೆಲವರು "ಇವರಿಗೆ ನಾಯಿ ಅಂದ್ರೆ ಆಗಲ್ಲ" ಅಂತಾರೆ. ಹಾಗಲ್ಲ. ನಾಯಿ ಜೊತೆ ಹೊರಗೆ ಹೋಗೋದು ನಮ್ಮ ಭಾಗಕ್ಕೆ ಇನ್‌ಸ್ಟಾಗ್ರಾಂನಿಂದ ಬಂದದ್ದಲ್ಲ. ಇದೇ ಜಿಲ್ಲೆಯ ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಹೋದವರು ದತ್ತಾತ್ರೇಯನ ಫೋಟೋ ನೋಡಿರ್ತಾರೆ, ಸುತ್ತ ನಾಲ್ಕು ನಾಯಿ ಇರ್ತವೆ. ಅವು ನಾಲ್ಕು ವೇದ ಅಂತ ಹಿರಿಯರು ಹೇಳ್ತಾರೆ. ಕುರಿ ಹಿಂಡು ಹೊರಟ್ರೆ ಕುರುಬರ ಜೊತೆ ನಾಯಿ ಇದ್ದೇ ಇರುತ್ತೆ. ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲೋಕೆ ಹೊರಟಾಗ ಬಂಡಿ ಅಥವಾ ಟ್ರಾಕ್ಟರ್ ಹಿಂದೆ ನಾಯಿ ಓಡಿ ಬರೋದನ್ನ ಯಾರೂ ತಡೆಯಲ್ಲ. ನಮ್ಮ ಕಡೆಯ ನಿಜವಾದ ಚಳಿಗಾಲದ ಟ್ರಿಪ್ ಅದೇ.

ಆದ್ರೆ ಇಲ್ಲೊಂದು ವಿಷಯ ಗಮನಿಸಬೇಕು. ಹೊಲದ ನಾಯಿ ತನ್ನ ಹೊಲಕ್ಕೆ ಹೋಗುತ್ತೆ. ಕುರಿ ಕಾಯೋ ನಾಯಿ ಹಿಂಡಿನ ಪಕ್ಕ ಇರುತ್ತೆ. ಎರಡಕ್ಕೂ ಒಂದು ಕೆಲಸ ಇದೆ, ಒಂದು ಜಾಗ ಇದೆ. ನಾವು ಕಾರಿನಲ್ಲಿ ಕೂರಿಸಿಕೊಂಡು ಅಭಯಾರಣ್ಯಕ್ಕೆ ಒಯ್ಯೋ ನಾಯಿಗೆ ಅಲ್ಲಿ ಯಾವ ಕೆಲಸವೂ ಇಲ್ಲ, ಫೋಟೋಗೆ ನಿಲ್ಲೋದನ್ನ ಬಿಟ್ಟು.

ಈಗ ಚಿಂಚೋಳಿ ವಿಷಯಕ್ಕೆ ಬರೋಣ. ಯಾಕಂದ್ರೆ ನಮ್ಮ ಗ್ರೂಪ್‌ಗಳಲ್ಲಿ "ಗುಡ್ಡ" ಅಂದ್ರೆ ಹತ್ತರಲ್ಲಿ ಒಂಬತ್ತು ಸಲ ಅದೇ. ಗೊಟ್ಟಂಗೊಟ್ಟ, ಚಂದ್ರಂಪಳ್ಳಿ ಡ್ಯಾಂ, ಎತ್ತಿಪೋತ ಜಲಪಾತ, ಕುಂಚಾವರಂ ಕಾಡು. ಈ ಪ್ರದೇಶ 2011ರಲ್ಲಿ ಚಿಂಚೋಳಿ ವನ್ಯಜೀವಿ ಅಭಯಾರಣ್ಯ ಆಯ್ತು. ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ಅಭಯಾರಣ್ಯ ಅಂತ ಇದನ್ನ ಕರೀತಾರೆ. ತೇಗ ಇದೆ, ರಕ್ತಚಂದನವೂ ಇದೆ. ಚಿಗರಿ, ಕೊಂಡುಕುರಿ, ನರಿ, ಕತ್ತೆಕಿರುಬ, ತೋಳ ಇವೆ. ಹುಲಿ, ಆನೆ ಇಲ್ಲ. ಅದಕ್ಕೇ ನಮ್ಮಲ್ಲಿ ಭಾಳ ಜನ ಇದನ್ನ ಕಾಡು ಅಂತಾನೇ ಲೆಕ್ಕಕ್ಕೆ ಹಿಡಿಯಲ್ಲ. "ಅಲ್ಲೇನದ? ಬರೀ ಕುರುಚಲು ಗಿಡ" ಅಂತಾರೆ.

ಅಲ್ಲಿರೋದು ತೋಳ. ಭಾರತದಲ್ಲಿ ಉಳಿದಿರೋ ತೋಳಗಳು ಸುಮಾರು 3,000 ಅಂತ ಅಂದಾಜು. ಅಂದ್ರೆ ಹುಲಿಗಳ ಸಂಖ್ಯೆಗಿಂತ ಹೆಚ್ಚೇನಿಲ್ಲ. ಹುಲಿಯಂತೆ ತೋಳವೂ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಆದ್ರೆ ಹುಲಿಗೆ ಸಿಗೋ ಪ್ರಚಾರ ತೋಳಕ್ಕಿಲ್ಲ. ತೋಳ ದಟ್ಟ ಕಾಡಿನ ಪ್ರಾಣಿ ಅಲ್ಲ. ಹುಲ್ಲುಗಾವಲು, ಕುರುಚಲು ಕಾಡು, ಒಣ ಬಯಲು, ಇಂಥ ಕಡೆ ಬದುಕೋದು. ಸರಕಾರದ ಹಳೇ ಕಾಗದಗಳಲ್ಲಿ ಇಂಥ ನೆಲಕ್ಕೆ "ಬಂಜರು" ಅಂತ ಹೆಸರು. ಬಂಜರು ಅಂದ ಮೇಲೆ ಉಳುಮೆಗೆ, ಗಣಿಗೆ, ಸೋಲಾರ್ ಪ್ಲಾಂಟ್‌ಗೆ ಕೊಟ್ಟುಬಿಡೋದು ಸುಲಭ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಕ್ಕಾಗಿಯೇ ಅಭಯಾರಣ್ಯ ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಈ ತೋಳಕ್ಕೆ ಬಂದೂಕಿಗಿಂತ ಹತ್ತಿರದ ಅಪಾಯ ಅದರದ್ದೇ ಸಂಬಂಧಿ. ನಾಯಿ ಬಂದದ್ದೇ ತೋಳದ ವಂಶದಿಂದ. ಕಡಿಮೆ ಅಂದ್ರೂ 15,000 ವರ್ಷದ ಹಿಂದೆ ಬೇರೆಯಾದ ಅಣ್ಣತಮ್ಮಂದಿರು ಅನ್ನಬಹುದು. ಹತ್ತಿರದ ಸಂಬಂಧಿ ಆಗಿರೋದರಿಂದಲೇ ನಾಯಿಗೆ ಬರೋ ರೋಗ ತೋಳಕ್ಕೂ ಬರುತ್ತೆ. ರೇಬಿಸ್, ಪಾರ್ವೋ, ಡಿಸ್ಟೆಂಪರ್ ಮೂರೂ.

ಡಿಸ್ಟೆಂಪರ್ ಏನು ಮಾಡಬಲ್ಲದು ಅನ್ನೋಕೆ ಎರಡು ಉದಾಹರಣೆ ಸಾಕು. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಈ ರೋಗ ಬಂದು ಅಲ್ಲಿನ ಸಿಂಹಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸತ್ತವು. ಸುತ್ತಲಿನ ಊರಿನ ನಾಯಿಗಳಿಂದ ಹಬ್ಬಿದ ರೋಗ ಅಂತ ವಿಜ್ಞಾನಿಗಳು ಹೇಳಿದರು. 2018ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನಮ್ಮದೇ ದೇಶದ ಗಿರ್ ಕಾಡಿನ ಒಂದು ವಲಯದಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಸತ್ತ ಕೆಲವು ಸಿಂಹಗಳಲ್ಲಿ ಇದೇ ವೈರಸ್ ಸಿಕ್ಕಿತು. ಉಳಿದವುಗಳಿಗೆ ಅಮೆರಿಕದಿಂದ ಲಸಿಕೆ ತರಿಸಿ ಹಾಕಿದರು. ಸಿಂಹ ಆದ್ದರಿಂದ ಪೇಪರಿನಲ್ಲಿ ಬಂತು, ವಿಮಾನದಲ್ಲಿ ಲಸಿಕೆ ಬಂತು. ಚಿಂಚೋಳಿಯ ಒಂದು ತೋಳದ ಗುಂಪು ಹೀಗೆ ಸತ್ತರೆ ಯಾರಿಗೆ ಗೊತ್ತಾಗುತ್ತೆ? ಯಾವುದೋ ಗವಿಯಲ್ಲಿ, ಯಾವುದೋ ಪೊದೆಯಲ್ಲಿ ಸತ್ತು ಹೋಗ್ತವೆ.

ಚಳಿಗಾಲಕ್ಕೂ ಇದಕ್ಕೂ ಸಂಬಂಧ ಇದೆ. ಡಿಸ್ಟೆಂಪರ್ ವೈರಸ್‌ಗೆ ಬಿಸಿಲು ಆಗಲ್ಲ, ಬೇಗ ಸಾಯುತ್ತೆ. ತಂಪಿನಲ್ಲಿ, ನೆರಳಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ. ಪಾರ್ವೋ ಅಂತೂ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತೆ. ನಮಗೆ ತಿರುಗಾಡೋಕೆ ಒಳ್ಳೇ ಹವಾ ಇರೋ ಕಾಲ ವೈರಸ್‌ಗೂ ಒಳ್ಳೇ ಹವಾನೇ. ನಾಯಿ ಓಡಬೇಕಿಲ್ಲ, ಕಚ್ಚಬೇಕಿಲ್ಲ. ಒಂದು ಗಿಡದ ಬುಡಕ್ಕೆ ಕಾಲೆತ್ತಿದ್ರೆ ಸಾಕು. ಅದನ್ನ ಮೂಸಿ ನೋಡೋಕೆ ರಾತ್ರಿ ತೋಳ, ನರಿ ಬಂದೇ ಬರ್ತವೆ. ಅವುಗಳ ಫೇಸ್‌ಬುಕ್ಕು ಅದೇ ಅಲ್ಲವೇ.

ಇನ್ನೊಂದು ವಿಷಯ ಬೆರಕೆಯದ್ದು. ಪುಣೆ ಹತ್ತಿರದ ಹುಲ್ಲುಗಾವಲಿನಲ್ಲಿ ಬಣ್ಣ ವಿಚಿತ್ರವಾಗಿದ್ದ ಪ್ರಾಣಿಯೊಂದರ ಜೀನೋಮ್ ಪರೀಕ್ಷೆ ಮಾಡಿದಾಗ ಅದು ತೋಳ–ನಾಯಿ ಬೆರಕೆ ಅಂತ ಗೊತ್ತಾಯ್ತು. ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹಗ್ಗ ಕಟ್ಟಿ ಒಂದು ದಿನ ಓಡಾಡಿಸಿದ ನಾಯಿಯಿಂದ ಬೆರಕೆ ಆಗಲ್ಲ, ಅದು ನಮಗೂ ಗೊತ್ತು. ಆದ್ರೆ ಕಳೆದುಹೋದ ನಾಯಿಯಿಂದ ಆಗಬಹುದು. ಮೊಲ ಕಂಡು ಹಗ್ಗ ಕಿತ್ತುಕೊಂಡು ಓಡಿದ ನಾಯಿಯನ್ನ ಕುರುಚಲು ಕಾಡಿನಲ್ಲಿ ಸಂಜೆ ಆರಕ್ಕೆ ಹುಡುಕೋದು ಎಷ್ಟು ಕಷ್ಟ ಅಂತ ಯೋಚಿಸಿ. ಗಾಡಿ ಬಾಡಿಗೆಯವನು "ಕತ್ತಲಾತದ, ನಡೀರಿ" ಅಂತಿರ್ತಾನೆ. ನಾಯಿ ಅಲ್ಲೇ ಉಳಿಯುತ್ತೆ. ಆಮೇಲೆ ಅದು ಹಸಿವಿಗೆ ತಾಂಡಾದವರ ಆಡಿನ ಮರಿ ಹಿಡಿಯುತ್ತೆ, ಇಲ್ಲವೇ ಯಾವುದೋ ಪ್ರಾಣಿಗೆ ತಾನೇ ಊಟ ಆಗುತ್ತೆ.

ಈಗ ನಮ್ಮ ದೋಸ್ತರ ಆಕ್ಷೇಪಣೆಗಳು. ಮೂರು ಇವೆ, ಮೂರರಲ್ಲೂ ಸ್ವಲ್ಪ ಸತ್ಯ ಇದೆ.

ಮೊದಲನೆಯದು: "ಕಾಡಿನಾಗ ತಾಂಡಾಗಳವ, ಅಲ್ಲಿ ನಾಯಿ ಅವ. ನಮ್ಮ ಒಂದ್ ನಾಯಿಲಿಂದ ಏನಾತದಲೇ?" ತಾಂಡಾದ ನಾಯಿಗಳಿಂದ ಅಪಾಯ ಇಲ್ಲ ಅಂತ ನಾವು ಹೇಳ್ತಿಲ್ಲ. ಆದ್ರೆ ತಾಂಡಾದವರಿಗೆ ಆಡು, ಕುರಿ ಕಾಯೋಕೆ ನಾಯಿ ಬೇಕು, ಅದು ಅವರ ಬದುಕು. ಅಭಯಾರಣ್ಯದ ಒಳಗೆ ಮತ್ತು ಅದರ 5 ಕಿಲೋಮೀಟರ್ ಸುತ್ತ ಇರೋ ಜಾನುವಾರುಗಳಿಗೆ ಲಸಿಕೆ ಹಾಕಿಸೋ ವ್ಯವಸ್ಥೆ ಮಾಡಬೇಕು ಅಂತ 1972ರ ವನ್ಯಜೀವಿ ಕಾಯ್ದೆಯಲ್ಲೇ ಇದೆ. ಅದೇ ಕಾಳಜಿಯನ್ನ ತಾಂಡಾದ ನಾಯಿಗಳಿಗೂ ತೋರಿಸಲಿ ಅಂತ ಕೇಳೋಣ. ಅದು ಸರಿಯಾದ ಬೇಡಿಕೆ. ನಮಗೆ ಅಲ್ಲಿ ನಾಯಿ ಬೇಕಾಗಿರೋದು ಅರ್ಧ ದಿನದ ಮಜಾಕ್ಕೆ. ಪೇಟೆಯ ನಾಯಿ ಪೇಟೆಯ ರೋಗ ಒಯ್ಯಬಹುದು, ತಾಂಡಾದ ನಾಯಿಗೇ ಅಂಟಿಸಿ ಬರಬಹುದು. ಆಮೇಲೆ ಅದರ ಔಷಧಿ ಖರ್ಚು ಯಾರು ಕೊಡ್ತಾರೆ?

ಎರಡನೆಯದು: "ಹಿಮಾಲಯದಾಗ ಟ್ರೆಕ್ ಮಾಡೋರ ಜೊತೆ ನಾಯಿ ತಾವೇ ಬರ್ತಾವಲ್ಲ?" ಹೌದು, ಬರ್ತವೆ. ಡಿಸೆಂಬರ್‌ನಲ್ಲಿ ಕೇದಾರಕಂಠ ಹತ್ತಿದ ಸೀನಿಯರ್‌ಗಳ ಫೋಟೋದಲ್ಲೂ ಉಣ್ಣೆ ಮೈಯ ದೊಡ್ಡ ನಾಯಿ ಇದೆ. 12,500 ಅಡಿ ಎತ್ತರದ ಚಳಿಗೆ ಹುಟ್ಟಿದ ನಾಯಿ ಅದು, ಅಲ್ಲಿನ ಊರಿನದ್ದೇ. ನಮ್ಮ ನಾಯಿ ಅದಲ್ಲ. ಸೇಡಂನಿಂದ ಅಲ್ಲಿಗೆ ರೈಲಿನಲ್ಲಿ ಒಯ್ಯೋದಾದ್ರೆ ಫಸ್ಟ್ ಎಸಿ ಕೂಪೆ ಪೂರ್ತಿ ಬುಕ್ ಮಾಡಬೇಕು, ಇಲ್ಲಾಂದ್ರೆ ನಾಯಿ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಎರಡು ದಿನ ಒಂಟಿಯಾಗಿ ಇರಬೇಕು. ಇನ್ನು ಅಲ್ಲಿನ ನಾಯಿಗಳ ಕಥೆಯೂ ಪೂರಾ ಚೆಂದ ಅಲ್ಲ. ಲಡಾಖ್‌ನಲ್ಲಿ ಕ್ಯಾಂಪು, ಹೋಟೆಲುಗಳ ಎಂಜಲು ತಿಂದು ಬೆಳೆದ ನಾಯಿ ಹಿಂಡುಗಳು ಕಾಡುಪ್ರಾಣಿಗಳನ್ನ ಅಟ್ಟಿಸಿಕೊಂಡು ಹೋಗೋದು ಈಗ ದೊಡ್ಡ ಸಮಸ್ಯೆ ಆಗಿದೆ. ನಾವು ಪ್ರೀತಿಯಿಂದ ಹಾಕೋ ಬಿಸ್ಕಿಟ್ಟಿನ ಲೆಕ್ಕವೂ ಅದರಲ್ಲಿ ಸೇರುತ್ತೆ.

ಇದೇ ಮಾತಿಗೆ ಸೇರಿದ್ದು ಇನ್ನೊಂದು. ಫೋಟೋ ನೋಡಿ ಹಸ್ಕಿ ತರೋಣ ಅನ್ನೋರು ನಮ್ಮ ಕಾಲೇಜಿನಲ್ಲೂ ಇದ್ದಾರೆ. ಸೈಬೀರಿಯಾದ ಹಿಮದಲ್ಲಿ ಬಂಡಿ ಎಳೆಯೋಕೆ ಬೆಳೆಸಿದ ನಾಯಿ ಅದು. ಟ್ರಿಪ್ ಎರಡು ದಿನ, ನಾಯಿಯ ಆಯುಷ್ಯ ಹನ್ನೆರಡು ವರ್ಷ. ಅಂದ್ರೆ ಹನ್ನೆರಡು ಕಲಬುರಗಿ ಬೇಸಿಗೆ. ನಾಯಿ ಬೇಕೇ ಬೇಕು ಅಂದ್ರೆ ನಮ್ಮ ಕರ್ನಾಟಕದ್ದೇ ಮುಧೋಳ ನಾಯಿ ಇದೆ, ಭಾರತೀಯ ಸೇನೆಯವರೇ ತರಬೇತಿಗೆ ಒಯ್ದಿದ್ದಾರೆ. ಆದ್ರೆ ಅದು ಬೇಟೆಗೆ ಬೆಳೆಸಿದ ತಳಿ, ಓಡೋದನ್ನ ಕಂಡ್ರೆ ಬಿಡಲ್ಲ. ಅದನ್ನಂತೂ ಚಿಗರಿ ಇರೋ ಕಡೆ ಒಯ್ಯಲೇಬಾರದು. ಇನ್ನು ರೊಕ್ಕ ಕೊಡದೇ ಸಿಗೋ ಹೊಲದ ನಾಟಿ ನಾಯಿಗೆ ಈ ಬಿಸಿಲು, ಈ ಚಳಿ ಎರಡೂ ಗೊತ್ತು.

ಮೂರನೆಯದು ಗಟ್ಟಿ ಪ್ರಶ್ನೆ: "ಇಷ್ಟು ಗಣಿ ಅಗದಾರ, ಇಷ್ಟು ಫ್ಯಾಕ್ಟರಿ ಬಂದಾವ. ಅದೆಲ್ಲ ಬಿಟ್ಟು ನೀವು ನಾಯಿ ಮ್ಯಾಲ ಬರೀತೀರಿ?" ಈ ಪ್ರಶ್ನೆಯನ್ನ ತಳ್ಳಿಹಾಕೋಕಾಗಲ್ಲ. ಈ ಭಾಗದಲ್ಲಿ ಬಯಲು ಹೋದದ್ದು ನಾಯಿಯಿಂದ ಅಲ್ಲ. ಸುಣ್ಣದಕಲ್ಲು ಇರೋದರಿಂದ ಗಣಿ ಬಂತು, ತೊಗರಿಗೆ ಬೆಲೆ ಬಂದದ್ದರಿಂದ ಹುಲ್ಲು ಬೆಳೀತಿದ್ದ ನೆಲವೂ ಹೊಲ ಆಯ್ತು. ನಮ್ಮ ಮನೆಗಳ ಊಟ, ನಮ್ಮ ಕಾಲೇಜು ಫೀಸು ಆ ಎರಡರಿಂದಲೇ ಬರುತ್ತೆ. ಹಂಗಾಗಿ ಗಣಿ ಬಯ್ದು ಸುಮ್ಮನಾಗೋದು ಸುಲಭ, ಆದ್ರೆ ಪೂರಾ ಪ್ರಾಮಾಣಿಕ ಅಲ್ಲ. ನಮ್ಮ ಉತ್ತರ ಇಷ್ಟೇ: ಇಷ್ಟೆಲ್ಲ ಹೋದ ಮೇಲೆ ಉಳಿದಿರೋದು ಆ 134 ಚದರ ಕಿಲೋಮೀಟರ್. ದೊಡ್ಡ ನಿರ್ಧಾರಗಳಿಗೆ ನಮ್ಮ ಸಹಿ ಯಾರೂ ಕೇಳಲ್ಲ. ಭಾನುವಾರ ಕಾರಿನ ಹಿಂದಿನ ಸೀಟಿನಲ್ಲಿ ಯಾರು ಕೂರಬೇಕು ಅನ್ನೋದನ್ನ ಮಾತ್ರ ನಾವೇ ತೀರ್ಮಾನಿಸ್ತೀವಿ.

ಧರ್ಮರಾಯನ ಕಥೆ ಹೇಳೋರೂ ಇದ್ದಾರೆ. ಮಹಾಭಾರತದ ಕೊನೆಗೆ ಪಾಂಡವರು ಹಿಮಾಲಯ ಹತ್ತಿದಾಗ ಒಂದು ನಾಯಿ ಜೊತೆ ಹೋಗುತ್ತೆ. ದ್ರೌಪದಿ, ತಮ್ಮಂದಿರು ಒಬ್ಬೊಬ್ಬರೇ ಬೀಳ್ತಾರೆ, ನಾಯಿ ಕೊನೆ ತನಕ ಇರುತ್ತೆ. ನಾಯಿ ಬಿಟ್ಟು ಬಾ ಅಂತ ಇಂದ್ರ ಹೇಳಿದ್ರೂ ಧರ್ಮರಾಯ ಒಪ್ಪಲ್ಲ. "ಅವನೇ ಬಿಡಲಿಲ್ಲ, ನಾವ್ಯಾಕೆ ಬಿಡಬೇಕು?" ಒಳ್ಳೇ ಮಾತು. ಆದ್ರೆ ಅವನು ನಾಯಿಯನ್ನ ಕರ್ಕೊಂಡು ಹೋದದ್ದಲ್ಲ, ಅದು ಅವನನ್ನ ನಂಬಿ ಬಂತು. ನಂಬಿ ಬಂದದ್ದನ್ನ ಕೈಬಿಡಲ್ಲ ಅನ್ನೋದು ಆ ಕಥೆಯ ಮಾತು. ಮನೆಯಲ್ಲಿ ಅವ್ವನ ಹತ್ತಿರ, ರೊಟ್ಟಿ ಹಾಲು ತಿಂದು, ಅಂಗಳದ ಬಿಸಿಲಲ್ಲಿ ಮಲಗಿರೋ ನಾಯಿಯನ್ನ ನಾವು ಕೈಬಿಟ್ಟಂಗಲ್ಲ. ಗೊತ್ತಿಲ್ಲದ ಕಾಡಿನಲ್ಲಿ ಕಳಕೊಂಡು ಬಂದ್ರೆ ಕೈಬಿಟ್ಟಂಗೆ.

ಹಂಗಾದ್ರೆ ನಾಯಿ ಜೊತೆ ಎಲ್ಲಿಗೆ ಹೋಗಬೇಕು? ಜಾಗಕ್ಕೆ ಕೊರತೆ ಇಲ್ಲ. ನಮ್ಮ ಹೊಲಗಳೇ ಇವೆ. ಜನವರಿಯಲ್ಲಿ ಬಿಳಿಜೋಳ ತೆನೆ ಕಟ್ಟಿರುತ್ತೆ, ಎಳೇ ತೆನೆ ಸುಟ್ಟು ಸೀತನಿ ತಿನ್ನೋ ಕಾಲ. ಮಳಖೇಡದ ಹತ್ತಿರ ಕಾಗಿಣಾ ದಂಡೆ ಇದೆ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಿನಲ್ಲಿ ದಿನವಿಡೀ ನೋಡೋಕೆ ಬೇಕಾದಷ್ಟಿದೆ, ನಾಯಿಗೂ ನಡೆಯೋಕೆ ದಂಡೆ ಇದೆ. ಗುಡ್ಡ ಹತ್ತಲೇಬೇಕು ಅಂದ್ರೆ ಸೇಡಂ ತಾಲೂಕಿನಲ್ಲೇ ಯಾನಾಗುಂದಿ ಗುಡ್ಡ ಇದೆ. ಮಾತಾ ಮಾಣಿಕೇಶ್ವರಿ ಅಮ್ಮನವರ ಕ್ಷೇತ್ರ ಅದು, ಹಂಗಾಗಿ ಗುಡಿಯ ಕಡೆ ಹೋಗುವಾಗ ಒಬ್ಬರು ನಾಯಿ ಹಿಡಿದು ಕೆಳಗೆ ನಿಲ್ಲಬೇಕು. ಗಣಿಯ ಹಳೇ ಗುಂಡಿಗಳ ಕಡೆ ಮಾತ್ರ ಬೇಡ. ನೀರು ಎಷ್ಟು ಆಳ ಅಂತ ಮೇಲಿಂದ ಗೊತ್ತಾಗಲ್ಲ, ಅಂಚು ಕುಸಿಯುತ್ತೆ.

ಮಲೆನಾಡಿಗೆ ಹೋಗೋರಿಗೆ ಒಂದು ಮಾತು. ಮಂಗನಕಾಯಿಲೆ 1957ರಲ್ಲಿ ಮೊದಲು ಕಂಡದ್ದು ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗಿನಿಂದ ಹರಡುತ್ತೆ, ಜೋರಾಗೋದು ಚಳಿಗಾಲದಿಂದ ಬೇಸಿಗೆ ತನಕ, ಅಂದ್ರೆ ಸರಿಯಾಗಿ ನಮ್ಮ ಟ್ರಿಪ್ ಕಾಲಕ್ಕೇ. ಉಣುಗು ಮನುಷ್ಯರಿಗೂ ಹತ್ತುತ್ತೆ, ನಾಯಿಗೂ ಹತ್ತುತ್ತೆ. ನಾಯಿಯ ಕೂದಲಿನಲ್ಲಿ ಕೂತು ಕಾರಿನೊಳಗೆ ಬಂದದ್ದು ಕಣ್ಣಿಗೆ ಕಾಣಲ್ಲ.

ನಾಯಿ ಜೊತೆ ಎಲ್ಲಿಗೇ ಹೋಗಲಿ, ಕೆಲವು ತಯಾರಿ ಬೇಕೇ ಬೇಕು. ರೇಬಿಸ್ ಮತ್ತು ಡಿಸ್ಟೆಂಪರ್–ಪಾರ್ವೋ ಲಸಿಕೆಗಳು ಹೊರಡೋ ಹಿಂದಿನ ದಿನ ಅಲ್ಲ, ಕನಿಷ್ಠ ಒಂದು ತಿಂಗಳ ಮುಂಚೆ ಆಗಿರಬೇಕು. ಲಸಿಕೆ ಕೆಲಸ ಮಾಡೋಕೆ ಸಮಯ ಬೇಕು. ಕೊರಳ ಪಟ್ಟಿ ಮೇಲೆ ಮೊಬೈಲ್ ನಂಬರ್ ಬರೆದಿರಬೇಕು. ನಾಯಿಗೆ ಬೇರೆ ನೀರು, ಬೇರೆ ಬಟ್ಟಲು ಇರಬೇಕು. ಚಾಕಲೇಟ್, ದ್ರಾಕ್ಷಿ, ಉಳ್ಳಾಗಡ್ಡಿ ನಾಯಿಗೆ ವಿಷ, ಪ್ರೀತಿ ಜಾಸ್ತಿಯಾಗಿ ಕೊಡಬೇಡಿ. ತೊಗರಿ ಕೊಯ್ದ ಹೊಲದಲ್ಲಿ ಬಿಡಬೇಡಿ, ಕೂಳೆ ಚೂಪಾಗಿರುತ್ತೆ, ಪಂಜ ಸೀಳುತ್ತೆ. ಕುರಿ ಹಿಂಡು ಕಂಡ್ರೆ ದೂರದಿಂದಲೇ ಹಗ್ಗ ಗಿಡ್ಡ ಮಾಡಿ ನಿಂತುಬಿಡಿ. ಹಿಂಡಿನ ನಾಯಿಗೆ ನಿಮ್ಮ ನಾಯಿಯ ಹೆಸರು ಗೊತ್ತಿಲ್ಲ. ಯಾವ ನಾಯಿ ಕಚ್ಚಿದ್ರೂ ಗಾಯವನ್ನ ಹರಿಯೋ ನೀರು, ಸಾಬೂನಿನಲ್ಲಿ 15 ನಿಮಿಷ ತೊಳೆದು ಅವತ್ತೇ ಸರಕಾರಿ ದವಾಖಾನೆಗೆ ಹೋಗಬೇಕು. ಅರಿಷಿಣ, ಸುಣ್ಣ ಹಚ್ಚಿ ನಾಳೆ ನೋಡೋಣ ಅನ್ನಬಾರದು.

ಎಲ್ಲಕ್ಕಿಂತ ಮುಖ್ಯ, ನಾಯಿಯ ಜವಾಬ್ದಾರಿ ಯಾರದು ಅಂತ ಹೆಸರು ಹೇಳಿ ತೀರ್ಮಾನಿಸಬೇಕು. "ಎಲ್ಲರೂ ನೋಡ್ಕೋತೀವಿ" ಅಂದ್ರೆ ಯಾರೂ ನೋಡ್ಕೊಳ್ಳಲ್ಲ ಅಂತಲೇ ಅರ್ಥ. ಗ್ರೂಪ್ ಪ್ರಾಜೆಕ್ಟ್ ಮಾಡಿದ ಎಲ್ಲರಿಗೂ ಇದು ಗೊತ್ತು. ಒಂದು ನಾಯಿಗೆ ಇಬ್ಬರು ಅಂತ ಬರೆದಿಟ್ಟುಕೊಳ್ಳಿ. ಮೇಲೆ ಹೋಗೋಕೆ ಆಗದ ಜಾಗ ಬಂದ್ರೆ ಒಬ್ಬರು ನಾಯಿ ಜೊತೆ ಉಳೀತಾರೆ, ಆಮೇಲೆ ಸರದಿ ಬದಲಿಸ್ತಾರೆ. ದೋಸ್ತಿ ಎಷ್ಟು ಗಟ್ಟಿ ಅನ್ನೋದು ತುದಿಯ ಮೇಲೆ ತೆಗೆದ ಫೋಟೋದಲ್ಲಿ ಗೊತ್ತಾಗಲ್ಲ, ಕೆಳಗೆ ಉಳಿಯೋಕೆ ಯಾರು "ನಾ ಇರ್ತೀನಿ, ನೀವು ಹೋಗಿ ಬರ್ರಿ" ಅಂದ್ರು ಅನ್ನೋದರಲ್ಲಿ ಗೊತ್ತಾಗುತ್ತೆ.

ನಮ್ಮ ಗುಂಪು ಈ ಚಳಿಗಾಲ ಎರಡು ಟ್ರಿಪ್ ಇಟ್ಟುಕೊಂಡಿದೆ. ಎಳ್ಳ ಅಮಾವಾಸ್ಯೆಗೆ ಕೋಡ್ಲಾ ಕಡೆಯ ಹೊಲಕ್ಕೆ, ನಾಯಿಗಳ ಸಮೇತ. ಪರೀಕ್ಷೆ ಮುಗಿದ ಮೇಲೆ ಅರಣ್ಯ ಇಲಾಖೆಯ ಅನುಮತಿ ತಗೊಂಡು ಚಿಂಚೋಳಿಗೆ, ನಾಯಿಗಳಿಲ್ಲದೆ, ದುರ್ಬೀನು ತಗೊಂಡು. ಬೇರೆ ಬ್ರಾಂಚಿನವರೂ ಬರಬಹುದು. ಕಾಲೇಜಿನ ಟೂರ್ ಕಮಿಟಿಯವರಿಗೆ ಒಂದು ವಿನಂತಿ: ಟ್ರಿಪ್ ಫಾರ್ಮಿನಲ್ಲಿ ಊಟ ವೆಜ್ಜಾ ನಾನ್‌ವೆಜ್ಜಾ ಅಂತ ಕೇಳ್ತೀರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ. "ಹೋಗುವ ಜಾಗ ಅಭಯಾರಣ್ಯವೇ? ಹೌದಾದರೆ ಸಾಕುಪ್ರಾಣಿ ತರಬೇಡಿ." ಇದಕ್ಕೆ ಖರ್ಚೇನೂ ಇಲ್ಲ.